ಫೈಬಾ ಡೈರೆಕ್ಟರಾದದ್ದು

ಕಂಪನಿಗಳ ಆಡಳಿತ ಮಂಡಳಿಯಲ್ಲಿ ಒಬ್ಬಳಾದರೂ ಹೆಂಗಸು ಇರಲೇಬೇಕು ಎಂದು ಸರ್ಕಾರ ಕಾನೂನು ಮಾಡಿದಾಗ ಗುಜರಾತಿನ ರಾಜಕೋಟೆಯ ಮೇಘಲ್ ಪಂಪ್ಸ್ ಲಿಮಿಟೆಡ್‌ನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನೆ ತುಂಬ ಹೆಂಗಸರಿದ್ದಾರೆ, ಯಾರದೋ ಒಬ್ಬರ ಹೆಸರು ಬರೆದು ಕಳಿಸಿದರಾಯಿತು ಎಂದುಕೊಂಡರು. ಮಾರ್ಚ್ ಕೊನೆಗೆ ಗಡುವು. ಹೆಸರು ಬರೆಯಲು ಕೂತಾಗ ಗೊತ್ತಾಯಿತು ನೋಡಿ ಪಡಿಪಾಟಲು. ಅಣ್ಣತಮ್ಮಂದಿರು ಮೂವರು, ಹೆಂಡಿರು ಮೂವರು, ಕುರ್ಚಿ ಮಾತ್ರ ಒಂದೇ.

ಚೇರ್ಮನ್ ಆಗಿದ್ದವನು ಹಿರಿಯ ಜಯಸುಖ್. ಊಟದ ಹೊತ್ತಿನಲ್ಲಿ ತನ್ನ ಹೆಂಡತಿ ಮಂಜುಲಾಳ ಹೆಸರನ್ನು ಸುಮ್ಮನೆ ತೇಲಿಬಿಟ್ಟ. ಅಷ್ಟಕ್ಕೇ ಎರಡನೆಯ ಸೊಸೆ ರೊಟ್ಟಿಗೆ ತುಪ್ಪ ಸವರುವುದನ್ನು ನಿಲ್ಲಿಸಿದಳು. ಮೂರನೆಯವಳು ತಲೆನೋವೆಂದು ಕೋಣೆ ಸೇರಿದಳು. ಮರುದಿನ ಕಾರ್ಖಾನೆ ನೋಡಿಕೊಳ್ಳುವ ಎರಡನೆಯವನು ಮುಕುಂದ್ ತನ್ನವಳ ಹೆಸರು ಹೇಳಿದ. ಸಂಜೆ ಬೇಳೆಗೆ ಉಪ್ಪೇ ಬೀಳಲಿಲ್ಲ. ಕಿರಿಯ ಪ್ರವೀಣನಿಗೆ ಹೇಳುವ ಧೈರ್ಯವೇ ಬರಲಿಲ್ಲ, ಆದರೂ ಹೇಳಲಿಲ್ಲವೆಂದು ಅವನಿಗೆ ಕೋಣೆಯಲ್ಲಿ ಬೈಗುಳ ಬಿತ್ತು. ಒಂದೇ ಅಡುಗೆಮನೆಯಲ್ಲಿ ಹದಿನಾಲ್ಕು ಜನ ಉಣ್ಣುವ ಮನೆ ಅದು. ಕಾನೂನು ಮಾಡಿದವರಿಗೆ ಇಂಥ ಮನೆಯ ಒಲೆಯ ಸುದ್ದಿ ಏನು ಗೊತ್ತು ಹೇಳಿ.

ಆಗ ಜಯಸುಖನಿಗೆ ಹೊಳೆದದ್ದು ಫೈಬಾ.

ಫೈಬಾ ಎಂದರೆ ಅಪ್ಪನ ತಂಗಿ. ಜೆಕೋರ್‌ಬೆನ್ ಎಂಬ ಹೆಸರಿದ್ದರೂ ಮನೆಯಲ್ಲಿ ಹಾಗೆ ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಇಪ್ಪತ್ತೈದು ತುಂಬುವ ಮೊದಲೇ ಗಂಡ ತೀರಿಕೊಂಡ. ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದರು, ಅಣ್ಣ ಹೋದ ಮೇಲೆ ಅಣ್ಣನ ಮಕ್ಕಳ ಜೊತೆಗೇ ಉಳಿದರು. ಮಹಡಿಯ ಮೂಲೆ ಕೋಣೆ ಅವರದು. ಯಾರೂ ಯಾವತ್ತೂ ಒಂದು ಕೆಟ್ಟ ಮಾತು ಆಡಿದವರಲ್ಲ. ಚಳಿಗಾಲದಲ್ಲಿ ಮನೆಯಲ್ಲಿ ಉದ್ದಿನ ಹಿಟ್ಟಿನ ಅಡದಿಯಾ ಕಟ್ಟಿದರೆ ಮೊದಲ ಉಂಡೆ ಅವರಿಗೇ. ಆದರೂ ಫೈಬಾ ನಲವತ್ತು ವರ್ಷಗಳಲ್ಲಿ ಯಾರಿಗೂ, ಯಾವುದಕ್ಕೂ, ಇಲ್ಲ ಅಂದವರಲ್ಲ. ಇಲ್ಲ ಅಂದ ದಿನ "ಯಾರ ಸೂರಿನಡಿ ಇದೀರಿ ನೀವು?" ಎಂಬ ಮಾತು ಯಾರಾದರೊಬ್ಬರ ಬಾಯಿಂದ ಬಂದುಬಿಟ್ಟರೆ? ಆ ಒಂದು ಮಾತಿನ ಹೆದರಿಕೆಗೆ ಮಗುವನ್ನು ಹಿಡಿ ಅಂದರೆ ಹಿಡಿದರು, ಸಹಿ ಹಾಕಿ ಅಂದರೆ ಹಾಕಿದರು, ಬೆಂಡೆಕಾಯಿ ಸೇರದಿದ್ದರೂ ಬಡಿಸಿದಷ್ಟೂ ತಿಂದರು.

"ಫೈಬಾ, ನಿಮ್ಮನ್ನ ಡೈರೆಕ್ಟರ್ ಮಾಡ್ತಿದೀವಿ," ಎಂದ ಜಯಸುಖ್.

"ಹೂಂ," ಎಂದರು ಫೈಬಾ. ಆಮೇಲೆ, "ಅದರಲ್ಲಿ ನಾನೇನು ಮಾಡ್ಬೇಕಪ್ಪ?" ಎಂದು ಕೇಳಿದರು.

"ಏನೂ ಮಾಡಬಾರ್ದು. ಅದಕ್ಕೇ ನಿಮ್ಮನ್ನ ಮಾಡ್ತಿರೋದು."

ಮೂರೂ ಸೊಸೆಯರಿಗೆ ಸಮಾಧಾನವಾಯಿತು. ತುಪ್ಪ ರೊಟ್ಟಿಗೆ ಮರಳಿತು.

ಮೇಘಲ್ ಪಂಪ್ಸ್‌ನ ಬೋರ್ಡ್ ಮೀಟಿಂಗ್ ಸರಿಯಾಗಿ ಹನ್ನೆರಡು ಗಂಟೆಗೆ. ಅದಕ್ಕೆ ಕಾರಣ ಉಂಟು. ಒಂದು ಗಂಟೆಯಿಂದ ನಾಲ್ಕರವರೆಗೆ ರಾಜಕೋಟೆ ಮಲಗುತ್ತದೆ. ಅಂಗಡಿಯ ಬಾಗಿಲು ಎಳೆಯುತ್ತಾರೆ, ಡಾಕ್ಟರು ಮಲಗುತ್ತಾನೆ, ರೋಗಿಯೂ ಮಲಗುತ್ತಾನೆ. ಆ ಹೊತ್ತಿನಲ್ಲಿ ಮನೆಯ ಗಂಟೆ ಒತ್ತಿದವನ ಜೊತೆ ಸಂಬಂಧ ಬೆಳೆಸುವವರಿಲ್ಲ. ಹಾಗಾಗಿ ಹನ್ನೆರಡಕ್ಕೆ ಶುರು, ಹನ್ನೆರಡೂಕಾಲಿಗೆ ಮುಕ್ತಾಯ, ಆಮೇಲೆ ಕಡಲೆಹಿಟ್ಟಿನ ಬಿಸಿ ಗಾಂಠಿಯಾ, ಹುರಿದ ಹಸಿಮೆಣಸಿನಕಾಯಿ, ಒಂದು ಲೋಟ ಮಜ್ಜಿಗೆ, ಒಂದಕ್ಕೆ ಮನೆ, ಊಟ, ಹಾಸಿಗೆ. ಹೊರಗಿನ ಡೈರೆಕ್ಟರ್ ಎಂದು ಒಬ್ಬರಿದ್ದರು, ನಿವೃತ್ತ ಬ್ಯಾಂಕ್ ಮ್ಯಾನೇಜರ್ ವಸಾವಡಾ ಸಾಹೇಬರು. ಅವರು ಮನೆಯವರೆಗೆ ಕಾಯುತ್ತಿರಲಿಲ್ಲ. ಎರಡನೆಯ ವಿಷಯಕ್ಕೇ ಕಣ್ಣು ಮುಚ್ಚಿ, ಗಾಂಠಿಯಾ ವಾಸನೆಗೆ ತೆರೆಯುತ್ತಿದ್ದರು.

ಇಡೀ ಊರಿನಲ್ಲಿ ಮಧ್ಯಾಹ್ನ ಮಲಗದವರು ಫೈಬಾ ಒಬ್ಬರೇ. ಅಣ್ಣನ ಮನೆಗೆ ಬಂದ ಹೊಸದರಲ್ಲಿ ಎಲ್ಲರೂ ಮಲಗಿದಾಗ ಮಾಳಿಗೆಯ ಮೇಲೆ ಒಣಗಿಸಿದ ಹಪ್ಪಳಕ್ಕೆ ಕಾವಲು ಕೂರುವ ಕೆಲಸ ಅವರ ಪಾಲಿಗೆ ಬಂದಿತ್ತು. ಹಪ್ಪಳ ಅಂಗಡಿಯಿಂದ ಬರತೊಡಗಿ ಎಷ್ಟೋ ಕಾಲವಾಗಿತ್ತು. ಹೋದ ನಿದ್ದೆ ಮಾತ್ರ ವಾಪಸು ಬರಲಿಲ್ಲ.

ಮೊದಲ ನಾಲ್ಕು ಮೀಟಿಂಗಿನಲ್ಲಿ ಫೈಬಾ ತುಟಿ ಪಿಟಕ್ ಎನ್ನಲಿಲ್ಲ. ಚಪ್ಪಲಿಯನ್ನು ಮೇಜಿನ ಕೆಳಗೆ ಬಿಟ್ಟು, ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಕಂಪನಿ ಸೆಕ್ರೆಟರಿ ಭಾವೇಶ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದರು. ಜಯಸುಖ್ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ: "ನಮ್ಮ ಮಹಿಳಾ ಡೈರೆಕ್ಟರಷ್ಟು ಅನುಕೂಲವಾದವರು ಇಡೀ ಗುಜರಾತಲ್ಲಿ ಇಲ್ಲ."

ತೊಂದರೆ ಶುರುವಾದದ್ದು ಠಾಕೋರ್‌ಜಿಯ ಹವೇಲಿಯಲ್ಲಿ, ಅಂದರೆ ಊರಿನ ಕೃಷ್ಣನ ಗುಡಿಯಲ್ಲಿ. ಅಲ್ಲಿ ಬೆಳಗಿನ ದರ್ಶನಕ್ಕೆ ಬಾಗಿಲು ತೆರೆಯುವವರೆಗೆ ಹೆಂಗಸರು ಮೆಟ್ಟಿಲ ಮೇಲೆ ಕೂತು ಊರಿನ ವರದಿ ಒಪ್ಪಿಸುವುದು ರೂಢಿ. ಫೈಬಾ ಡೈರೆಕ್ಟರಾದ ಮೇಲೆ ಅವರಿಗೆ ಮುಂದಿನ ಮೆಟ್ಟಿಲಲ್ಲಿ ಜಾಗ ಬಿಡತೊಡಗಿದರು. ನಿಜ ಹೇಳಬೇಕೆಂದರೆ ಫೈಬಾಗೆ ಅದು ಬಹಳ ಹಿಡಿಸಿತು. ಆದರೆ ಜಾಗ ಬಿಟ್ಟವರು ಸುಮ್ಮನಿರುತ್ತಾರೆಯೇ.

"ಜೆಕೋರ್‌ಬೆನ್, ಮೀಟಿಂಗಲ್ಲಿ ಏನೇನು ಮಾತಾಡ್ತೀರಿ?" ಎಂದು ಕೇಳಿದಳು ಬೆಳ್ಳಿ ಅಂಗಡಿಯ ಸಂತೋಕ್‌ಬೆನ್.

"ಬಹಳ ಇರುತ್ತೆ."

"ಬಹಳ ಅಂದ್ರೆ?"

"ಪಂಪಿನ ವಿಷಯ."

"ಪಂಪಿನದು ಏನು ವಿಷಯ?"

ಫೈಬಾ ಸೆರಗು ಸರಿಮಾಡಿಕೊಂಡರು. ಪುಣ್ಯಕ್ಕೆ ಆ ಹೊತ್ತಿಗೆ ಬಾಗಿಲು ತೆರೆಯಿತು. ಆದರೆ ಸಂತೋಕ್‌ಬೆನ್‌ಳ ತುಟಿಯ ಮೂಲೆಯಲ್ಲಿ ಕಂಡ ನಗು ಠಾಕೋರ್‌ಜಿಯ ಮುಖದ ಮುಂದೆಯೂ ಕಣ್ಣಿಂದ ಹೋಗಲಿಲ್ಲ. ಮುಂದಿನ ಮೀಟಿಂಗಿನಿಂದ ಹೇಳಿಕೊಳ್ಳಲು ಒಂದಾದರೂ ಸಂಗತಿ ಹೊತ್ತು ತರಲೇಬೇಕು ಎಂದು ಅವತ್ತೇ ತೀರ್ಮಾನಿಸಿದರು. ಇಷ್ಟೇ ಕಾರಣ. ಮುಂದೆ ಜನ ಏನೇನೋ ದೊಡ್ಡ ಕಾರಣ ಕಟ್ಟಿ ಹೇಳಿದರು, ನಂಬಬೇಡಿ.

ಐದನೆಯ ಮೀಟಿಂಗ್ ಮೇ ತಿಂಗಳಲ್ಲಿ. ಹೊರಗೆ ಡಾಂಬರು ಕರಗುವ ಬಿಸಿಲು. ಭಾವೇಶ್ ಒಂದರಿಂದ ಆರರವರೆಗೆ ಗಡಗಡ ಓದಿದ. "ಏಳನೆಯದು, ಪೂರ್ವ ವಲಯಕ್ಕೆ ದಾಸ್ತಾನು ವಿಲೇವಾರಿ. ಎಲ್ಲರೂ ಓದಿದೀರಿ ಅಂದ್ಕೊಳ್ತೀನಿ. ಒಪ್ಪಿಗೆ," ಎಂದು ಹಾಳೆ ಮಗುಚಿದ.

"ಭಾವೇಶ್‌ಭಾಯಿ, ಆ ಏಳನೆಯದು ಏನು?" ಎಂದರು ಫೈಬಾ.

ಕೋಣೆಯಲ್ಲಿ ಎಲ್ಲರೂ ಏಸಿಯ ಸದ್ದು ಬದಲಾಯಿತೇನೋ ಎಂಬಂತೆ ಮೇಲೆ ನೋಡಿದರು.

"ಅದು ಫೈಬಾ, ದಾಸ್ತಾನು ವಿಲೇವಾರಿ," ಎಂದ ಭಾವೇಶ್.

"ಓದಿದ್ದು ಕೇಳಿಸ್ತು. ಹಂಗಂದ್ರೆ ಏನು ಅಂತ ಬಿಡಿಸಿ ಹೇಳು."

ಭಾವೇಶ್ ಹಾಳೆಯನ್ನು ಮತ್ತೆ ಹಿಂದಕ್ಕೆ ಮಗುಚಿದ. "ಪ್ರವೀಣ್‌ಭಾಯಿಗೆ ಚೆನ್ನಾಗಿ ಗೊತ್ತು. ಮಾರಾಟದ ವಿಷಯ."

ಪ್ರವೀಣ್ ಮೊಬೈಲಿನಿಂದ ತಲೆಯೆತ್ತಿದ. "ನಂಗಾ? ಇದು ಹಳೇ ಸ್ಟಾಕು. ಲೆಕ್ಕಪತ್ರಕ್ಕೆ ಸಂಬಂಧಪಟ್ಟಿದ್ದು. ವಸಾವಡಾ ಸಾಹೇಬರು ನೋಡಿದಾರೆ."

ವಸಾವಡಾ ಸಾಹೇಬರನ್ನು ಅಲುಗಿಸಿ ಎಬ್ಬಿಸಿದರು. ಗಾಂಠಿಯಾ ಬಂತೆಂದುಕೊಂಡು ಅವರು ಕೈ ಚಾಚಿದರು. ಮೊದಲೇ ತಂದಿಟ್ಟಿದ್ದ ಮಜ್ಜಿಗೆಯ ಲೋಟ ಉರುಳಿ ನೆಲವೆಲ್ಲ ಒದ್ದೆಯಾಯಿತು. "ನಾನು ಚೇರ್ಮನ್ನರ ಮೇಲೆ ಪೂರ್ತಿ ನಂಬಿಕೆ ಇಟ್ಟಿದೀನಿ," ಎಂದರು.

"ನಾನು ಮುಕುಂದನ ಮೇಲೆ ಇಟ್ಟಿದೀನಿ," ಎಂದ ಜಯಸುಖ್.

ಹೀಗೆ ನಂಬಿಕೆ ಮೇಜನ್ನೊಂದು ಸುತ್ತು ಹಾಕಿ ಮುಕುಂದನ ಮುಂದೆ ನಿಂತಿತು. ಅಷ್ಟರಲ್ಲಿ ಹನ್ನೆರಡೂ ಮುಕ್ಕಾಲು. ಮುಕುಂದ್ ಗಡಿಯಾರ ನೋಡಿಕೊಂಡು, "ಏನಿಲ್ಲ ಫೈಬಾ, ಶೆಡ್ಡಲ್ಲಿ ಒಂದಷ್ಟು ಮನೆಪಂಪು ಕೂತಿವೆ. ಹಸಿರು ಬಣ್ಣ ಹೊಡೆದು, ಬೇರೆ ಹೆಸರು ಹಾಕಿ ಬಿಹಾರದ ಕಡೆ ಕಳಿಸ್ತಿದೀವಿ," ಎಂದ.

"ಇದ್ದ ಬಣ್ಣಕ್ಕೇನಾಗಿತ್ತು?"

"ಬಣ್ಣಕ್ಕೇನೂ ಆಗಿರಲಿಲ್ಲ."

"ಹೆಸರಿಗೆ?"

"ಹೆಸರಿಗೂ ಏನೂ ಆಗಿಲ್ಲ. ಈ ಪಂಪುಗಳನ್ನ ನಮ್ಮ ಡೀಲರುಗಳು ವಾಪಸು ಕಳಿಸಿದ್ರು."

"ನೀರು ಎತ್ತಲ್ವಾ?"

"ಚೆನ್ನಾಗಿ ಎತ್ತುತ್ವೆ," ಎಂದ ಮುಕುಂದ್, ಸ್ವಲ್ಪ ಹೆಮ್ಮೆಯಿಂದಲೇ. "ಒಳಗೆ ವೈರಿಗೆ ರಕ್ಷಣೆಗೆ ಅಂತ ಸುತ್ತೋ ಕಾಗದ ಒಂದು ಕಳಪೆ ಲಾಟಲ್ಲಿ ಬಂದ್ಬಿಡ್ತು. ಹಂಗಾಗಿ ಒಂದೊಂದ್ಸಲ ಮೈ ಮುಟ್ಟಿದ್ರೆ ಚುರುಕ್ ಅನ್ಸುತ್ತೆ."

"ಯಾರ ಮೈ?"

"ಪಂಪಿನ ಮೈ ಫೈಬಾ. ಮುಟ್ಟಿದವರಿಗೆ."

"ಕರೆಂಟು ಹೊಡಿಯುತ್ತೆ ಅನ್ನು."

"ಹೊಡಿಯೋದೇನಿಲ್ಲ. ಇರುವೆ ಕಚ್ಚಿದಂಗೆ."

ಫೈಬಾ ಕೊಂಚ ಯೋಚಿಸಿದರು. ಹವೇಲಿಯ ಮೆಟ್ಟಿಲ ಮೇಲೆ ಹೇಳುವಂಥ ಸಂಗತಿ ಇದಲ್ಲ ಎಂದು ಅವರಿಗೆ ಆಗಲೇ ಗೊತ್ತಾಗಿತ್ತು. ಇಷ್ಟು ಸಾಕು, ಹೂಂ ಎಂದು ಸಹಿ ಹಾಕಿ ಎದ್ದುಬಿಡೋಣ ಎಂದೂ ಅನ್ನಿಸಿತು. ಆದರೆ ಮನೆಯಲ್ಲಿ ನೀರಿನ ಪಂಪನ್ನು ಒದ್ದೆ ಕೈಯಲ್ಲಿ ಮುಟ್ಟುವವರು ಯಾರು ಎಂಬುದು ಮನಸ್ಸಿಗೆ ಬಂದುಬಿಟ್ಟಿತ್ತು. ಬಂದದ್ದು ಹೋಗಲಿಲ್ಲ.

"ಬಿಹಾರದವರು ವಾಪಸು ಕಳಿಸಲ್ವೇನು?"

"ಲಾರಿ ಬಾಡಿಗೆ ಯಾರು ಕೊಡ್ತಾರೆ? ಅದಕ್ಕೇ ಅಷ್ಟು ದೂರ ಕಳಿಸ್ತಿರೋದು," ಎಂದುಬಿಟ್ಟ ಮುಕುಂದ್. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಆ ಮೇಜಿನ ಸುತ್ತ ಕೂತಿದ್ದ ಗಂಡಸರಲ್ಲಿ ಮುಕುಂದನ ಹೊರತು ಯಾರೂ ಏಳನೆಯ ವಿಷಯವನ್ನು ಓದಿರಲಿಲ್ಲ. ಈಗ ಎಲ್ಲರಿಗೂ ಅರ್ಥವಾಗಿ ಹೋಗಿತ್ತು. ಅರ್ಥವಾಗದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದು ಅವರವರ ಮುಖದ ಮೇಲೆ ಬರೆದಿತ್ತು.

"ನಂಗೆ ಇದು ಬೇಡ," ಎಂದರು ಫೈಬಾ. ಆ ಪದ ಅವರ ಬಾಯಲ್ಲಿ ಹೊಸದು, ಸ್ವಲ್ಪ ತೊದಲಿತು.

"ಒಬ್ಬರು ಬೇಡ ಅಂದ್ರೂ ನಡಾವಳಿಯಲ್ಲಿ ಬರೀಬೇಕಾಗುತ್ತೆ," ಎಂದ ಭಾವೇಶ್, ಹೆದರುತ್ತ.

"ಏನೂ ಬರೀಬೇಡ," ಎಂದ ಜಯಸುಖ್. ಅವನ ದನಿ ಮೆತ್ತಗಿತ್ತು. "ಫೈಬಾ, ಲಾರಿಗಳು ತುಂಬಿ ನಿಂತಿವೆ, ಸಂಜೆ ಹೊರಡುತ್ವೆ. ಈಗ ಸಹಿ ಹಾಕಿ. ಮನೇಲಿ ಕೂತು ಮಾತಾಡೋಣ."

"ಮನೇಲಿ ನನ್ನ ಮಾತು ಯಾರು ಕೇಳ್ತೀರಪ್ಪ? ಇಲ್ಲಾದ್ರೋ ಕುರ್ಚಿ ಕೊಟ್ಟಿದೀರಿ."

ಒಂದು ಗಂಟೆಯಾಯಿತು. ಫೈಬಾ ಏಳಲಿಲ್ಲ. ಆ ಮನೆಯಲ್ಲಿ ಹಿರಿಯರು ಕೂತಿರುವಾಗ ಕಿರಿಯರು ಎದ್ದು ಹೋಗುವ ಪದ್ಧತಿ ಇರಲಿಲ್ಲ. ಅಪ್ಪನ ಕಾಲದಿಂದ ಬಂದದ್ದು, ಮೂವರೂ ಪುಟ್ಟ ಮಕ್ಕಳ ಹಾಗೆ ಕೂತೇ ಇದ್ದರು. ಮಂಜುಲಾ ಫೋನ್ ಮಾಡಿ ಬೇಳೆ ಆರುತ್ತಿದೆ ಎಂದಳು. ಎರಡನೆಯ ಸೊಸೆ ಫೋನ್ ಮಾಡಿದಳು. ಮೂರನೆಯವಳು ಮಾಡಿದಳು. ಒಂದೂವರೆಗೆ ಪ್ರವೀಣ್ ಆಕಳಿಸಿದ. ಅದು ಅಂಟಿಕೊಂಡು ಮೇಜಿನ ತುಂಬ ಹರಿದಾಡಿತು. ಕಾವಲುಗಾರ ಹೊರಗೆ ಮಲಗಿಬಿಟ್ಟಿದ್ದ. ಗಾಂಠಿಯಾ ತಂದವನು ಅದನ್ನು ಕಟ್ಟೆಯ ಮೇಲಿಟ್ಟು ತಾನೂ ಮಲಗಿದ್ದ. ಫೈಬಾ ಮಾತ್ರ ಆಗಷ್ಟೇ ಸ್ನಾನ ಮಾಡಿ ಬಂದವರಂತೆ ಕಣ್ಣು ಬಿಟ್ಟು ಕೂತಿದ್ದರು.

ಎರಡು ಗಂಟೆಗೆ ವಸಾವಡಾ ಸಾಹೇಬರ ತಾಳ್ಮೆ ಮುರಿಯಿತು. "ನಾನು ಜೆಕೋರ್‌ಬೆನ್ ಪರ. ಬರ್ಕೊಳ್ಳಪ್ಪ. ಈಗಾದ್ರೂ ಮನೆಗೆ ಹೋಗ್ಲಾ?" ಎಂದರು. ಅವರ ಆತ್ಮಸಾಕ್ಷಿ ಎಚ್ಚರಗೊಂಡದ್ದು ನಿದ್ದೆಗೋಸ್ಕರ. ಇರಲಿ, ಎಚ್ಚರಗೊಂಡಿತಲ್ಲ.

ಮುಕುಂದನಿಗೆ ರೇಗಿತು. ಶೆಡ್ಡಿನ ಸರಕು ಹೋಗದಿದ್ದರೆ ಆ ವರ್ಷದ ನಷ್ಟ ಅವನ ತಲೆಯ ಮೇಲೆ. ಕಳಪೆ ಕಾಗದ ತಂದವನೂ ಅವನೇ. ಹಸಿವು, ನಿದ್ದೆ, ಬಿಸಿಲು ಮೂರೂ ಸೇರಿ ಬಾಯಿಯ ಕಡಿವಾಣ ಬಿಚ್ಚಿದವು.

"ಫೈಬಾ, ಯಾರ ಸೂರಿನಡಿ ಇದೀರಿ ಅನ್ನೋದನ್ನ ಮರೀಬೇಡಿ."

ಫೈಬಾ ಜಯಸುಖನ ಕಡೆ ನೋಡಿದರು. ಕೂಸಾಗಿದ್ದಾಗ ತಾವು ಕಂಕುಳಲ್ಲಿ ಹೊತ್ತು ತಿರುಗಿದ ಜಯಸುಖ್, ಪ್ರತಿ ಹುಣ್ಣಿಮೆಗೆ ತಪ್ಪದೆ ಪೇಡಾ ತಂದುಕೊಡುವ ಜಯಸುಖ್, ಮೇಜಿನ ಮೇಲಿನ ಪೆನ್ನನ್ನು ನೇರ ಮಾಡುತ್ತಿದ್ದ. ಮುಕುಂದನ ಮಾತಿಗಿಂತ ಆ ಪೆನ್ನು ಹೆಚ್ಚು ನೋಯಿಸಿತು.

"ನಲವತ್ತು ವರ್ಷ ಈ ಒಂದು ಮಾತಿಗೆ ಹೆದರ್ಕೊಂಡು ಬದುಕಿದೀನಿ ಮುಕುಂದ್," ಎಂದರು ಕೊನೆಗೆ. "ಯಾವತ್ತು ಬರುತ್ತೋ, ಯಾರ ಬಾಯಿಂದ ಬರುತ್ತೋ ಅಂತ. ಇವತ್ತು ಬಂದುಬಿಡ್ತು. ನೋಡು, ಬಂದ ಮೇಲೂ ನಾನು ಇಲ್ಲೇ ಕೂತಿದೀನಿ."

ಮುಕುಂದ್ ಮತ್ತೆ ಗಡಿಯಾರ ನೋಡಿಕೊಂಡ.

"ಒಂದು ಪಂಪು ತರ್ಸು," ಎಂದರು ಫೈಬಾ.

ಭಾವೇಶನೇ ಹೋಗಿ ಲಾರಿಯಿಂದ ಒಂದನ್ನು ಹೊತ್ತು ತಂದ. ಹಸಿರು ಬಣ್ಣ ಹೊಳೆಯುತ್ತಿತ್ತು, ನೋಡಲು ಮುದ್ದಾಗಿತ್ತು. ಮೇಜಿನ ಮೇಲಿಟ್ಟು ಪ್ಲಗ್ ಚುಚ್ಚಿ, ಸ್ವಿಚ್ ಒತ್ತಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ. ಪಂಪು ಗುಂಯ್ ಎಂದಿತು.

"ಮುಟ್ಟು," ಎಂದರು ಫೈಬಾ.

ಮುಕುಂದ್ ಕೈ ಚಾಚಿದ.

"ಬೂಟು ಬಿಚ್ಚಿ ಮುಟ್ಟು. ರಬ್ಬರ್ ಬೂಟು ಹಾಕ್ಕೊಂಡು ಬಟ್ಟೆ ಒಗೆಯೋರು ಬಿಹಾರದಲ್ಲಿ ಇರಲ್ಲ."

ಚಾಚಿದ ಕೈ ಅಲ್ಲೇ ನಿಂತಿತು. "ನಿಮಗೆ ತಮಾಷೆಯಾ?" ಎಂದ ಮುಕುಂದ್. ಬೂಟು ಮಾತ್ರ ಬಿಚ್ಚಲಿಲ್ಲ. ಫೈಬಾ ಪ್ರವೀಣನ ಕಡೆ ನೋಡಿದರು. ಅವನಿಗೆ ಮೊಬೈಲಿನಲ್ಲಿ ಏನೋ ಜರೂರು ಬಂದಿತ್ತು. ವಸಾವಡಾ ಸಾಹೇಬರು ತಮಗೆ ಹೃದಯದ ತೊಂದರೆ ಇದೆಯೆಂದು ಕೇಳದೆಯೇ ಹೇಳಿದರು.

"ಯಾರೂ ಇಲ್ವಾ? ಇರುವೆ ಕಚ್ಚಿದಂಗೆ ಅಷ್ಟೆ ಅಂದ್ರಲ್ಲ. ಬಿಡಿ, ನಾನೂ ಡೈರೆಕ್ಟರೇ," ಎಂದು ಫೈಬಾ ಕಾಲು ಕೆಳಗಿಳಿಸಿದರು. ಬರಿಗಾಲು. ನೆಲದಲ್ಲಿ ಮಜ್ಜಿಗೆ ಇನ್ನೂ ಆರಿರಲಿಲ್ಲ. ಅವರು ಆ ಒದ್ದೆಯಲ್ಲೇ ಎರಡು ಹೆಜ್ಜೆ ಇಟ್ಟು ಬಳೆಯಿಲ್ಲದ ಕೈಯನ್ನು ಪಂಪಿನ ಕಡೆ ಚಾಚಿದರು.

ಚೇರ್ಮನ್ ಜಯಸುಖ್ ನಲವತ್ತು ದಾಟಿದ ದಪ್ಪ ಮನುಷ್ಯ. ಮೆಟ್ಟಿಲಿಗೂ ಲಿಫ್ಟ್ ಬೇಕು ಅವನಿಗೆ. ಅಂಥವನು ಕುರ್ಚಿ ಉರುಳಿಸಿ, ವಸಾವಡಾ ಸಾಹೇಬರನ್ನು ದಾಟಿ ಹಾರಿ, ಪ್ಲಗ್ಗನ್ನು ವೈರು ಸಮೇತ ಕಿತ್ತು ನೆಲಕ್ಕೆ ಬಿದ್ದ. ಪಂಪು ಸುಮ್ಮನಾಯಿತು. ಅವನು ಮಜ್ಜಿಗೆಯಲ್ಲಿ ಕೂತಲ್ಲಿಂದಲೇ ಕಿರುಚಿದ.

"ಹುಚ್ಚು ಹಿಡೀತಾ ನಿಮಗೆ? ಸತ್ತು ಹೋಗ್ತಿದ್ರಿ ಫೈಬಾ."

"ಹಂಗಂತ ಬರ್ಕೋ ಭಾವೇಶ್‌ಭಾಯಿ," ಎಂದರು ಫೈಬಾ. "ಚೇರ್ಮನ್ ಸಾಹೇಬರೇ ಹೇಳಿದಾರೆ."

ಲಾರಿಗಳಿಂದ ಸರಕು ಇಳಿಸಿದರು. ಏಳನೆಯ ವಿಷಯವನ್ನು ಜಯಸುಖ್ ತಾನೇ ಗೀಟೆಳೆದು ಹೊಡೆದುಹಾಕಿದ; ಪಂಪುಗಳನ್ನೆಲ್ಲ ಬಿಚ್ಚಿ ಒಳಗಿನ ವೈರು ಹೊಸದಾಗಿ ಸುತ್ತಬೇಕೆಂದು ತೀರ್ಮಾನವಾಯಿತು. ಆ ವರ್ಷ ಕಂಪನಿಗೆ ಲಾಭ ಬರಲಿಲ್ಲ. ಹೆಂಗಸು ಬಂದರೆ ಲಾಭ ಏರುತ್ತದೆ ಎಂದು ಪತ್ರಿಕೆಯಲ್ಲಿ ಓದಿ ಶೇರು ಕೊಂಡವರು ಫೈಬಾಗೆ ಶಾಪ ಹಾಕಿದರು. ಅದು ಆಮೇಲಿನ ಮಾತು.

ಅವತ್ತು ಮೂರೂವರೆಗೆ ಜಯಸುಖ್ ಫೈಬಾರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಅವನ ಪ್ಯಾಂಟಿನಿಂದ ಮಜ್ಜಿಗೆಯ ಹುಳಿ ವಾಸನೆ ಬರುತ್ತಿತ್ತು. ಹಿಂದೆ ಮುಕುಂದನ ಕಾರು. ಒಂದು ನಾಯಿಯೂ ಓಡಾಡದ ಬೀದಿಗಳನ್ನು ದಾಟಿ ಮನೆಯ ಮುಂದೆ ನಿಂತರು. ಜಯಸುಖ್ ಇಳಿದು ಬಂದು ಬಾಗಿಲು ತೆರೆದು ಹಿಡಿದ.

ಫೈಬಾ ಇಳಿಯಲಿಲ್ಲ.

"ಇಳೀರಿ ಫೈಬಾ. ಮನೆ ಬಂತು."

"ಯಾರ ಮನೆ?"

ಜಯಸುಖ್ ತಲೆ ತಗ್ಗಿಸಿದ. "ಮುಕುಂದನಿಗೆ ಬುದ್ಧಿ ಇಲ್ಲ. ಸಿಟ್ಟಲ್ಲಿ ಏನೋ ಅಂದ."

"ಅವನು ಅಂದ. ನೀನು ಪೆನ್ನು ಸರಿಮಾಡ್ತಾ ಕೂತಿದ್ದೆ. ನಾನು ಕೇಳಿದ್ದು ನಿನ್ನನ್ನ. ಯಾರ ಮನೆ?"

"ನಿಮ್ಮದೇ ಫೈಬಾ."

"ಕೇಳಿಸ್ಲಿಲ್ಲ."

"ನಿಮ್ಮ ಮನೆ."

"ನಂಗೆ ಕೇಳಿಸ್ತು ಕಣೋ. ಹಿಂದಿನ ಕಾರಲ್ಲಿರೋನಿಗೆ ಕೇಳಿಸ್ಲಿಲ್ಲ."

ಜಯಸುಖ್ ಬೀದಿಯ ಆಚೆ ಈಚೆ ನೋಡಿದ. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಬೀದಿಗೆ ಬೀದಿಯೇ ಗಾಢ ನಿದ್ದೆಯಲ್ಲಿತ್ತು. ಮೇಘಲ್ ಪಂಪ್ಸ್ ಲಿಮಿಟೆಡ್‌ನ ಚೇರ್ಮನ್ ಉಸಿರು ಎಳೆದುಕೊಂಡು, ಎರಡೂ ಕೈ ಬಾಯಿಗೆ ಹಿಡಿದು, ಒದ್ದೆ ಪ್ಯಾಂಟಿನಲ್ಲಿ ನಡುಬಿಸಿಲಲ್ಲಿ ನಿಂತು ಕೂಗಿದ:

"ಇದು ಫೈಬಾ ಮನೆ!"

ಎದುರು ಮನೆಯ ಕಿಟಕಿ ದಡಾರನೆ ತೆರೆಯಿತು. "ಮಲಗೋ ಹೊತ್ತಲ್ಲಿ ಯಾವನಯ್ಯ ಅದು? ಗೊತ್ತಿರೋದನ್ನೇ ಬಂದು ಅರಚ್ತಾನೆ," ಎಂದಿತು ಒಂದು ನಿದ್ದೆಗಣ್ಣಿನ ದನಿ. ಕಿಟಕಿ ಮತ್ತೆ ಮುಚ್ಚಿತು.

ಫೈಬಾ ಸೆರಗು ಸರಿಮಾಡಿಕೊಂಡು ಕೆಳಗಿಳಿದರು.